ನೊರಜನ ಬಾಗಿಲು

ನಮ್ಮ ಮನೆಯವರು ಸುಳ್ಳುಗಾರರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದ ಮೇಲೆ ನಿಮಗೆ ಹಾಗನ್ನಿಸಬಹುದು. ಹಾಲಿಗೆ ನೀರು ಬೆರೆಸಿದವರಲ್ಲ, ತಕ್ಕಡಿಯಲ್ಲಿ ಕೈ ಆಡಿಸಿದವರಲ್ಲ. ನನ್ನ ಗಂಡ ಬೆಣಚಪ್ಪ ಅಂದರೆ ಊರಿನಲ್ಲಿ ಯಾರೂ ಬೆರಳು ಮಾಡಿ ತೋರಿಸುವುದಿಲ್ಲ. ವಂಶದ ಮಾತು ಬಂದಾಗ ಮಾತ್ರ ಅವರ ನಾಲಿಗೆ ಸ್ವಲ್ಪ ಉದ್ದವಾಗುತ್ತದೆ. ಮೈ ಗಿಡ್ಡವಾಗಿರುವವರಿಗೆ ನಾಲಿಗೆಯಾದರೂ ಉದ್ದ ಇರಲಿ ಎಂದು ನಾನೂ ಸುಮ್ಮನಿದ್ದೆ.

ಹೌದು, ನಾವು ಕುಳ್ಳರು. ಗುಡ್ಡದ ಹೊಟ್ಟೆ ಕೊರೆದು ಮನೆ ಮಾಡಿಕೊಂಡು, ಕಲ್ಲಿನ ಹೆಸರುಗಳನ್ನು ಮಕ್ಕಳಿಗಿಟ್ಟುಕೊಂಡು ಬಾಳುವ ಜನ. ನೀವು ಉದ್ದದವರಿಗೆ ನಮ್ಮ ಪರಿಚಯವಿರುವುದು ಆ ದೊಡ್ಡ ಕಥೆಯಿಂದ. ಕುಳ್ಳರ ದೊರೆ ಬಂಟರನ್ನು ಕಟ್ಟಿಕೊಂಡು ಉರಿನಾಗನ ಗವಿಗೆ ನುಗ್ಗಿ, ನಾಗನನ್ನು ಕುರುಡು ಮಾಡಿ, ಗುಡ್ಡವನ್ನು ಗೆದ್ದದ್ದು. ಕಗ್ಗಲ್ಲನೆಂಬ ಬಂಟ ನಾಗನ ಎರಡೂ ಕಣ್ಣು ಕಿತ್ತದ್ದನ್ನು ಕಥೆಗಾರರು ಎದೆ ತಟ್ಟಿಕೊಂಡು ಹೇಳುತ್ತಾರೆ. ಅದೆಲ್ಲ ಆಗಿ, ಕೇಳುವ ಮಕ್ಕಳಿಗೆ ಕಣ್ಣು ಎಳೆಯುವ ಹೊತ್ತಿಗೆ, ಒಂದು ಸಾಲು ಬರುತ್ತದೆ. "ಕೊನೆಯಲ್ಲಿ ನೊರಜನೂ ಬಂದ, ಬಾಗಿಲ ಬಳಿ ನಿಂತ." ಅಷ್ಟೇ. ಮುಂದೆ ಅವನ ಸುದ್ದಿಯೇ ಇಲ್ಲ. ಆ ನೊರಜನ ಮನೆಗೆ ನಾನು ಸೊಸೆಯಾಗಿ ಬಂದವಳು. ನನ್ನ ಹೆಸರು ಬಳಪವ್ವ.

ಈ ಊರಿನ ಬಾಗಿಲುಗಳ ವಿಷಯ ಹೇಳದಿದ್ದರೆ ನಿಮಗೆ ಏನೂ ತಿಳಿಯುವುದಿಲ್ಲ. ನಮ್ಮ ಬಾಗಿಲುಗಳು ಕಲ್ಲಿನವು, ಗೋಡೆಯೊಳಗಿನಿಂದ ಪಕ್ಕಕ್ಕೆ ಸರಿದುಕೊಂಡು ಬಂದು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಒಳಗಿದ್ದವರು ಒಂದು ಬೆರಳು ತಾಗಿಸಿದರೆ ತೆರೆದುಕೊಳ್ಳುತ್ತವೆ. ಹೊರಗಿದ್ದವರು ಮಾತ್ರ ತಮ್ಮ ವಂಶ ಹೇಳಬೇಕು. ಯಾರ ಮಗ, ಯಾರ ಮೊಮ್ಮಗ, ಮೂಲಪುರುಷ ಗವಿಯಲ್ಲಿ ಏನು ಮಾಡಿದ, ಎಲ್ಲವನ್ನೂ ಬಾಗಿಲಿಗೆ ಮುಖ ಕೊಟ್ಟು ಹೇಳಿದರೆ ತೆರೆಯುತ್ತದಂತೆ. ಅಂತೆ ಅಂದೆ, ಯಾಕೆಂದರೆ ಹಾಗೆ ತೆರೆದದ್ದನ್ನು ನಾನಂತೂ ಕಂಡಿರಲಿಲ್ಲ. ಕೈತುಂಬ ಕೆಲಸವಿರುವವರಿಗೆ ಸೊಪ್ಪು ತಂದಾಗಲೊಮ್ಮೆ ನೀರು ತಂದಾಗಲೊಮ್ಮೆ ವಂಶ ಹೇಳುತ್ತಾ ನಿಲ್ಲಲು ಆಗುತ್ತದೆಯೇ? ಹಗಲೆಲ್ಲ ಹೊಸ್ತಿಲ ಮೇಲೆ ಒಂದು ಅಡ್ಡಗಲ್ಲು ಇಟ್ಟಿರುತ್ತೇವೆ. ಮನೆಯಲ್ಲಿ ಯಾವಾಗಲೂ ಒಬ್ಬ ಮುದುಕಿಯನ್ನು ಕೂರಿಸಿರುತ್ತೇವೆ. ಮುದುಕಿಯರಿಗೆ ನಮ್ಮೂರಲ್ಲಿ ಇರುವಷ್ಟು ಬೆಲೆ ಬೇರೆಲ್ಲೂ ಇರಲಿಕ್ಕಿಲ್ಲ.

ಎದುರು ಮನೆಯ ಕರಲಪ್ಪನವರು ಒಂದು ಸಲ ಮನೆಮಂದಿಯೆಲ್ಲ ಜಗಳ ನೋಡಲೆಂದು ಬೀದಿಗೆ ಬಂದರು. ಯಾರದೋ ಕಾಲು ತಾಗಿ ಅಡ್ಡಗಲ್ಲು ಉರುಳಿತು, ಬಾಗಿಲು ಮುಚ್ಚಿಕೊಂಡಿತು. ಕರಲಪ್ಪ ಗಂಟಲು ಹರಿಯುವ ಹಾಗೆ ವಂಶ ಹೇಳಿದರು. ನಾಗನ ಹಲ್ಲು ಕಿತ್ತವನ ವಂಶ ಅವರದು. ಬಾಗಿಲು ಮಿಸುಕಲಿಲ್ಲ. ಸಂಜೆಯ ಹೊತ್ತಿಗೆ ಬಾಗಿಲ ಮುಂದೆಯೇ ಒಂದು ಗುಡಿಸಲು ಹಾಕಿಕೊಂಡರು. ಯಾರಾದರೂ ಕೇಳಿದರೆ, "ಒಳಗೆ ಉಸಿರು ಕಟ್ಟುತ್ತಿತ್ತು, ಇಲ್ಲಿ ಗಾಳಿ ಚೆನ್ನಾಗಿದೆ" ಅನ್ನುತ್ತಿದ್ದರು. ನಾವೂ ಹೌದು ಹೌದು ಅನ್ನುತ್ತಿದ್ದೆವು.

ಬಾಗಿಲಿಗೆ ವಂಶ ಹೇಳಲೇಬೇಕಾದ ಸಂದರ್ಭ ಒಂದೇ, ಮಗಳ ಮದುವೆ. ದಿಬ್ಬಣ ಬೀದಿಯ ತಿರುವಿಗೆ ಬಂದ ಕೂಡಲೇ ಅಡ್ಡಗಲ್ಲು ತೆಗೆದು ಬಾಗಿಲು ಮುಚ್ಚುತ್ತಾರೆ. ಹೆಣ್ಣಿನ ಅಪ್ಪ ಬೀಗರ ಮುಂದೆ ವಂಶ ಹೇಳಬೇಕು, ಬಾಗಿಲು ತೆರೆಯಬೇಕು, ಹೆಣ್ಣುಗಂಡು ಜೊತೆಯಾಗಿ ಹೊಸ್ತಿಲು ದಾಟಬೇಕು. ಅಲ್ಲಿಗೆ ಮದುವೆ ಆದಂತೆ. ಬಾಗಿಲು ತೆರೆಯದ ಮನೆಯ ಹೆಣ್ಣನ್ನು ತಂದುಕೊಳ್ಳುವ ಪದ್ಧತಿ ಇಲ್ಲ. ಆ ಹೊತ್ತಿನಲ್ಲಿ ಒಳಗೆ ಯಾರೂ ಇರಬಾರದು ಎಂಬುದೂ ಪದ್ಧತಿಯೇ. ಆದರೆ ಇದ್ದೇ ಇರುತ್ತಾರೆ. ಅಪ್ಪ ವಂಶ ಹೇಳಿ ಮುಗಿಸಿ ಕೆಮ್ಮುತ್ತಾನೆ, ಒಳಗಿನ ಮುದುಕಿ ಬೆರಳು ತಾಗಿಸುತ್ತಾಳೆ, ಬಾಗಿಲು ಸರಿಯುತ್ತದೆ, ಓಲಗದವರು ಊದುತ್ತಾರೆ. ಬೀಗರೂ ತಮ್ಮ ಮನೆಯಲ್ಲಿ ಹೀಗೇ ಮಾಡಿರುತ್ತಾರಾದ್ದರಿಂದ ಯಾರೂ ಬಾಗಿಲ ಹಿಂದೆ ನೋಡುವುದಿಲ್ಲ.

ಹಿಂದೆ ಮುದುಕಿಯೊಬ್ಬಳು ಇರುವಾಗ ವಂಶದಲ್ಲಿ ಏನು ಹೇಳಿದರೂ ನಡೆಯುತ್ತದೆ. ಒಂದೇ ಸಾಲಿನ ಪೂರ್ವಜನನ್ನು ಇಟ್ಟುಕೊಂಡು ಹೆಣ್ಣುಮಕ್ಕಳ ಮದುವೆ ಮಾಡುವುದು ಸುಲಭವಲ್ಲ ನೋಡಿ. ನಮ್ಮವರ ಮುತ್ತಜ್ಜ ಜಲ್ಲಪ್ಪ ಮಗಳ ಮದುವೆಯಲ್ಲಿ ನೊರಜನ ಕೈಗೆ ಒಂದು ಕೊಡಲಿ ಕೊಟ್ಟರು. ಅಜ್ಜ ಮರಳಪ್ಪನ ಕಾಲಕ್ಕೆ ಆ ಕೊಡಲಿ ನಾಗನ ಬಾಲವನ್ನು ಕಡಿಯಿತು. ನಮ್ಮ ಮಾವ ಸುಣ್ಣಪ್ಪನವರು ಮೃದು ಮನಸ್ಸಿನವರು, ದೊರೆಯೇ ನೊರಜನನ್ನು ತಬ್ಬಿಕೊಂಡು ತಮ್ಮಾ ಎಂದು ಅತ್ತ ಎಂದು ಸೇರಿಸಿದರು. ಇದನ್ನೆಲ್ಲ ಕೇಳುತ್ತಾ ಬಂದ ನಮ್ಮತ್ತೆ ಕಾವವ್ವ ಮೂಗು ಮುರಿಯುತ್ತಿದ್ದರು. ಹೆಂಗಸರ ಬಾಯಲ್ಲಿ ಉಳಿದುಬಂದ ಇನ್ನೊಂದು ಕಥೆ ಅವರ ಹತ್ತಿರ ಇತ್ತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ತಲೆ ಬಾಚುತ್ತಾ ನನಗೆ ಹೇಳಿದ್ದರು. ಮಗನಿಗೂ ಚಿಕ್ಕವನಿದ್ದಾಗ ತೊಡೆಯ ಮೇಲೆ ಮಲಗಿಸಿಕೊಂಡು ಹೇಳಿದ್ದರಂತೆ. ಮಗ ದೊಡ್ಡವನಾದ ಮೇಲೆ ಅದನ್ನು ಎತ್ತಿದರೆ ಸಾಕು, ನಮ್ಮವರು ಎದ್ದು ಹೊರಗೆ ಹೋಗುತ್ತಿದ್ದರು.

ಇಂಥ ಮನೆಯ ನಮ್ಮ ಮಗಳು ಹರಳಿಯನ್ನು ಕೇಳಿಕೊಂಡು ಬಂದದ್ದು ಯಾರು ಅಂತೀರಿ? ಕಗ್ಗಲ್ಲನ ವಂಶದವರು! ಹುಡುಗ ಅವಳನ್ನು ಬಾವಿಕಟ್ಟೆಯಲ್ಲಿ ನೋಡಿ ಮೆಚ್ಚಿದ್ದನಂತೆ. ಅವಳೂ ಬೇಕೆಂದೇ ಕೊಡ ನಿಧಾನವಾಗಿ ತುಂಬಿಸುತ್ತಿದ್ದಳೆಂದು ಆಮೇಲೆ ಗೊತ್ತಾಯಿತು. ಹುಡುಗನ ಅಪ್ಪ ಸಿಡಿಲಪ್ಪ ಮಾತ್ರ ನಮ್ಮ ಮನೆಯ ಮೆಟ್ಟಿಲು ಹತ್ತುವಾಗಲೇ ಮುಖ ಸಿಂಡರಿಸಿಕೊಂಡಿದ್ದ. ಕುಳ್ಳರಲ್ಲಿ ಅಷ್ಟು ಎತ್ತರದವನನ್ನು ನಾನು ನೋಡಿರಲಿಲ್ಲ. "ನಿಮ್ಮದು ಬಾಗಿಲ ಬಳಿ ನಿಂತವನ ಮನೆ ಅಲ್ಲವಾ?" ಎಂದ. ನಮ್ಮವರು ಅಂದು ಊಟ ಬಿಟ್ಟರು. ಸಂಜೆ ಬಂದು, "ಬಳಪಿ, ಒಂದು ಕಣ್ಣು ನೊರಜನಿಗೆ ಕೊಟ್ಟುಬಿಡ್ತೀನಿ ಕಣೆ. ಎರಡರಲ್ಲಿ ಒಂದು ಬಿಟ್ಟುಕೊಟ್ಟರೆ ಅವರಿಗೇನು ಕಡಿಮೆಯಾಗುತ್ತೆ?" ಎಂದರು. ಬೀಗರ ಆಸ್ತಿಗೆ ಕೈ ಹಾಕಬೇಡಿ ಎಂದು ಹೇಳಿದೆ. ಕೇಳಿದರೆ ತಾನೆ.

ಮದುವೆಯ ದಿನ ಬಂತು. ಒಲೆಯ ಮೇಲೆ ಪಾಯಸದ ಹಂಡೆ ಇಟ್ಟು, ಅತ್ತೆಯ ಕೈಗೆ ಸೌಟು ಕೊಟ್ಟು, "ತಳ ಹಿಡಿಯದ ಹಾಗೆ ತಿರುಗಿಸ್ತಾ ಇರಿ. ಇವರು ಕೆಮ್ಮಿದ ಕೂಡಲೇ ಬಾಗಿಲಿಗೆ ಬೆರಳು ತಾಗಿಸಿ" ಎಂದೆ.

"ಎಲ್ಲರೂ ಮದುಮಗನ ಮುಖ ನೋಡಿದ ಮೇಲೆ ನಾನು ನೋಡಬೇಕಾ?" ಎಂದು ಅತ್ತೆ ಮುಖ ಊದಿಸಿದರು.

"ಬಾಗಿಲು ತೆಗೆದರೆ ಮೊದಲು ಕಾಣೋದೇ ಅವನ ಮುಖ ಅತ್ತೆ."

"ಅಷ್ಟು ಹೊತ್ತಿಗೆ ಅವನು ಬೆವರಿ ಹೋಗಿರ್ತಾನೆ" ಎಂದು ಗೊಣಗಿದರು.

ದಿಬ್ಬಣ ತಿರುವಿಗೆ ಬಂತು. ನಾನು ಹರಳಿಯ ಕೈ ಹಿಡಿದುಕೊಂಡು ಚಪ್ಪರದಡಿ ನಿಂತೆ. ಅಡ್ಡಗಲ್ಲು ತೆಗೆದರು, ಬಾಗಿಲು ಸರಿದು ಮುಚ್ಚಿಕೊಂಡಿತು. ನಮ್ಮವರು ರುಮಾಲು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಶುರು ಹಚ್ಚಿಕೊಂಡರು. "ನಾನು ಬೆಣಚಪ್ಪ, ಸುಣ್ಣಪ್ಪನ ಮಗ, ಮರಳಪ್ಪನ ಮೊಮ್ಮಗ, ಜಲ್ಲಪ್ಪನ ಮರಿಮಗ! ಕೊಡಲಿ ಹಿಡಿದು ಬಾಗಿಲ ಕಾದು, ಉರಿನಾಗನ ಬಾಲ ಕಡಿದು, ದೊರೆಯಿಂದ ತಮ್ಮಾ ಅನ್ನಿಸಿಕೊಂಡು, ನಾಗನ ಎಡಗಣ್ಣು ಕಿತ್ತ ವೀರ ನೊರಜನ ವಂಶದವನು!" ಚೆನ್ನಾಗಿಯೇ ಹೇಳಿದರು. ಹೇಳಿ ಕೆಮ್ಮಿದರು.

ಬಾಗಿಲು ತೆರೆಯಲಿಲ್ಲ. ಬಾಯಿ ತೆರೆದದ್ದು ಸಿಡಿಲಪ್ಪ. "ಯಾವ ಕಣ್ಣು ಬೀಗರೇ?"

"ಎಡಗಣ್ಣು" ಎಂದು ಇವರು ಇನ್ನೊಮ್ಮೆ ಕೆಮ್ಮಿದರು.

"ಎರಡು ಕಣ್ಣೂ ನಮ್ಮ ಕಗ್ಗಲ್ಲ ಕಿತ್ತದ್ದು. ಹಾಲು ಕುಡಿಯೋ ಮಕ್ಕಳಿಗೂ ಗೊತ್ತು."

"ಕಥೆ ಹೇಳೋರು ಅವಸರದಲ್ಲಿ ಒಂದಷ್ಟು ಬಿಟ್ಟುಬಿಡ್ತಾರೆ" ಎಂದು ಇವರು ಜೋರಾಗಿ ಕೆಮ್ಮಿದರು. ಬೀಗರ ಕಡೆಯ ಹೆಂಗಸೊಬ್ಬಳು ಪಾಪ, ಬೆಲ್ಲದ ನೀರು ತಂದು ಕೊಟ್ಟಳು. ಕುಡಿದು ಮತ್ತೆ ಕೆಮ್ಮಿದರು. ಬಾಗಿಲು ಗೋಡೆಯ ಹಾಗೆ ನಿಂತಿತ್ತು. ಅತ್ತೆಗೆ ಕಿವಿ ಮಂದವಾಗಿದೆ, ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಬಾಗಿಲ ಸಂದಿನಿಂದ ಪಾಯಸ ತಳ ಹಿಡಿಯುತ್ತಿರುವ ವಾಸನೆ ಬಂತು. ಈ ಮುದುಕಿಗೆ ಮೂಗೂ ಹೋಯಿತೇ? ಸೌಟು ಹಿಡಿದುಕೊಂಡೇ ನಿದ್ದೆ ಹೋದರೇ? ಆಮೇಲೆ ಹೊಳೆಯಿತು. ಅತ್ತೆ ಬೇಕೆಂದೇ ತೆಗೆಯುತ್ತಿಲ್ಲ! ಮಗ ಬೀಗರ ಕಣ್ಣು ಕದ್ದದ್ದು ಅವರಿಗೆ ಸಹಿಸಲಾಗಲಿಲ್ಲ. ಹಟ ಹಿಡಿದು ಕೂತಿದ್ದಾರೆ.

ನಾನು ಇವರ ಹತ್ತಿರ ಹೋಗಿ ಮೆಲ್ಲಗೆ, "ರೀ, ಕಣ್ಣು ವಾಪಸ್ ಕೊಟ್ಟುಬಿಡಿ. ಅತ್ತೆಗೆ ಸಿಟ್ಟು ಬಂದಿದೆ" ಎಂದೆ.

ಇವರ ಮುಖ ಕೆಂಪಾಯಿತು. ಆದರೂ ಬಾಗಿಲ ಕಡೆ ತಿರುಗಿ, "ಕಣ್ಣಿನ ವಿಷಯ ಖಾತ್ರಿ ಇಲ್ಲ. ಅದು ಕಗ್ಗಲ್ಲನದೇ ಇರಬಹುದು" ಎಂದರು. ಬೀಗರ ಕಡೆಯವರು ಹೋ ಎಂದು ನಕ್ಕರು. ಬಾಗಿಲು ತೆರೆಯಲಿಲ್ಲ. "ದೊರೆ ತಬ್ಬಿಕೊಂಡ ಅಂತ ನಮ್ಮಪ್ಪ ಹೇಳ್ತಿದ್ದರು. ನಾನು ನೋಡಿಲ್ಲ" ಎಂದರು. ಬಾಗಿಲು ತೆರೆಯಲಿಲ್ಲ. ಬಾಲ ಹೋಯಿತು. ಒಂದಷ್ಟು ಹೊತ್ತು ಕೊಡಲಿಯನ್ನು ಬಿಡದೆ ಹಿಡಿದುಕೊಂಡಿದ್ದು, ಕೊನೆಗೆ ಅದನ್ನೂ ಕೆಳಗಿಟ್ಟರು. ಒಂದೊಂದು ಬಿಟ್ಟಾಗಲೂ ಜನ ನಗುತ್ತಿದ್ದರು. ನನಗೆ ಮೊದಮೊದಲು ನಗು ಬಂದದ್ದು ನಿಜ. ಆಮೇಲೆ ಇವರ ರುಮಾಲಿನ ಕೆಳಗಿನ ಬೆವರು ನೋಡಿದ ಮೇಲೆ ನಗಲಾಗಲಿಲ್ಲ. "ಕೊನೆಯಲ್ಲಿ ನೊರಜನೂ ಬಂದ, ಬಾಗಿಲ ಬಳಿ ನಿಂತ" ಎಂದು ಕಥೆಯಲ್ಲಿದ್ದ ಸಾಲನ್ನು ಇದ್ದ ಹಾಗೆಯೇ ಹೇಳಿದರು. ಇನ್ನು ಕಳೆಯಲು ಏನೂ ಉಳಿದಿರಲಿಲ್ಲ. ಬಾಗಿಲು ಆಗಲೂ ತೆರೆಯಲಿಲ್ಲ.

ನಗು ನಿಂತಿತು. ಎದುರಿನ ಗುಡಿಸಲಿನಿಂದ ಕರಲಪ್ಪ ಎದ್ದು ನಿಂತು ನಮ್ಮನ್ನೇ ನೋಡುತ್ತಿದ್ದರು. ಆ ನೋಟ ನನಗೆ ಬೇಡವಾಗಿತ್ತು. ಸಿಡಿಲಪ್ಪ ಹೆಗಲ ಮೇಲಿನ ವಸ್ತ್ರ ಕೊಡವಿ, "ಸಾಕು ಬೀಗರೇ. ಬಾಗಿಲೇ ಒಪ್ಪದ ಮನೆಗೆ ನಾವು ಒಪ್ಪೋದು ಹೇಗೆ? ದಿಬ್ಬಣ ತಿರುಗಿಸಿ" ಎಂದ. ಮದುಮಗ ಮಾತ್ರ ನಿಂತಲ್ಲಿಂದ ಅಲುಗಲಿಲ್ಲ, ಹರಳಿಯ ಕಡೆಯೇ ನೋಡುತ್ತಿದ್ದ. ನನ್ನ ಕೈಯೊಳಗಿದ್ದ ಹರಳಿಯ ಕೈ ತಣ್ಣಗಾಗಿತ್ತು. "ಅಮ್ಮ, ಅಪ್ಪನಿಗೆ ಇನ್ನು ಏನೂ ಹೇಳೋಕೆ ಹೇಳಬೇಡ. ಹೋಗಲಿ ಬಿಡು" ಎಂದಳು. ಅವಳ ಮದುವೆ ಮುರಿಯುತ್ತಿದ್ದರೂ ಅಪ್ಪನ ಮಾನದ ಚಿಂತೆ ಅವಳಿಗೆ.

ಅದು ಇವರ ಕಿವಿಗೆ ಬಿತ್ತು. ನನ್ನ ಕಡೆ ನೋಡಿದರು. ಅತ್ತೆಯ ತೊಡೆಯ ಮೇಲೆ ಕೇಳಿದ ಆ ಕಥೆ ಇವರ ನೆನಪಿಗೆ ಬಂದಿದೆಯೆಂದು ನನಗೆ ಆ ನೋಟದಲ್ಲೇ ಗೊತ್ತಾಯಿತು. "ಹೇಳ್ರೀ" ಎಂದೆ.

ಇವರು ಹೊಸ್ತಿಲ ಮೇಲೆ ಕೂತು ಬಾಗಿಲಿಗೆ ಬೆನ್ನು ಆನಿಸಿದರು. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಕೂಗದೆ, ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದರು. "ನೊರಜ ಹೆದರಿದ್ದ. ಅವನ ಕೈಲಿ ಕೊಡಲಿ ಇರಲಿಲ್ಲ, ಎಲ್ಲರ ಬುತ್ತಿಗಂಟು ಇತ್ತು. ಅದನ್ನ ಹೊರೋಕೆ ಅಂತಲೇ ಅವನನ್ನ ಕರಕೊಂಡು ಹೋಗಿದ್ದರು. ಗವಿಯ ಬಾಗಿಲು ತೆಗೆದು ಎಲ್ಲರೂ ಒಳಗೆ ಹೋದರು. ಇವನಿಗೆ ಕಾಲು ಬರಲಿಲ್ಲ. ಒಬ್ಬನೇ ವಾಪಸ್ ಓಡಿಹೋಗೋಕೂ ಧೈರ್ಯ ಸಾಲಲಿಲ್ಲ. ಹೊಸ್ತಿಲ ಮೇಲೆ ಕೂತುಬಿಟ್ಟ. ಆ ಬಾಗಿಲೂ ನಮ್ಮ ಬಾಗಿಲಿನ ಹಾಗೇನೇ, ತಾನಾಗಿ ಮುಚ್ಚಿಕೊಳ್ಳೋದು, ಆದರೆ ಒಳಗಿನಿಂದ ಬೆರಳು ತಾಗಿಸಿದರೆ ತೆರೆಯೋದಲ್ಲ. ಸರಿದು ಬಂದು ಪಕ್ಕೆಗೆ ಒತ್ತಿತು. ನೋವಿಗೆ ಅತ್ತ. ಆದರೆ ಏಳಲಿಲ್ಲ. ಅಷ್ಟೇ ನಮ್ಮ ವಂಶ. ನಾನು ಆ ನೊರಜನ ಮನೆಯವನು."

ಕೆಮ್ಮಲು ಮರೆತರು. ಬೆನ್ನ ಹಿಂದಿನ ಬಾಗಿಲು ಸರ್ರನೆ ಸರಿಯಿತು, ಇವರು ಅಂಗಾತ ಒಳಕ್ಕೆ ಬಿದ್ದರು. ಎರಡು ಪಾದಗಳು ಮಾತ್ರ ಹೊಸ್ತಿಲಿನಿಂದಾಚೆ ಕಾಣುತ್ತಿದ್ದವು. ಒಳಗಿನಿಂದ ಸೀದ ಪಾಯಸದ ಹೊಗೆ ದಟ್ಟವಾಗಿ ಬಂತು. ಓಲಗದವರಿಗೆ ಊದಬೇಕೋ ಬೇಡವೋ ತಿಳಿಯದೆ ಒಬ್ಬ ಊದಿದ, ಒಬ್ಬ ನಿಲ್ಲಿಸಿದ.

"ಬಾಗಿಲು ತೆಗೀತು, ಸರಿ" ಎಂದ ಸಿಡಿಲಪ್ಪ. "ಆದರೆ ಹೆದರುಪುಕ್ಕಲನ ವಂಶ ಅಂತ ಅವರೇ ಒಪ್ಪಿಕೊಂಡ ಹಾಗಾಯ್ತಲ್ಲ. ಕಗ್ಗಲ್ಲನ ಮನೆಗೆ ಇಂಥ ಸೊಸೆ?"

ದಿಬ್ಬಣದ ನಡುವಿನಿಂದ ಕೋಲು ಊರಿಕೊಂಡು ಒಬ್ಬ ಮುದುಕಿ ಮುಂದೆ ಬಂದರು. ಸಿಡಿಲಪ್ಪನ ತಾಯಿ ಅದಿರವ್ವ. ಅವರ ಮನೆಯ ಬಾಗಿಲು ತೆಗೆಯುವ ಬೆರಳು ಅವರದೇ. "ಬಾಯಿ ಮುಚ್ಚೋ" ಎಂದು ಮಗನಿಗೆ ಗದರಿ, ನಮ್ಮವರ ಹತ್ತಿರ ಬಗ್ಗಿ, "ಅವನು ಎದ್ದಿರಲಿಲ್ಲವಾ? ಕೊನೇ ತನಕ ಹೊಸ್ತಿಲ ಮೇಲೇ ಕೂತಿದ್ದನಾ?" ಎಂದು ಕೇಳಿದರು.

ಇವರು ಬಿದ್ದಲ್ಲಿಂದಲೇ ಹೌದೆಂದು ತಲೆಯಾಡಿಸಿದರು.

"ನಮ್ಮನೇಲೂ ಹೆಂಗಸರು ಹೇಳೋ ಮಾತು ಒಂದಿದೆ" ಎಂದರು ಅದಿರವ್ವ. "ಕಗ್ಗಲ್ಲ ಕಣ್ಣು ಕಿತ್ತ, ನಿಜ. ಕಿತ್ತಮೇಲೆ ನಾಗ ಸುಮ್ಮನಿರುತ್ತಾ? ಕುರುಡು ನಾಗ ಕಂಡಕಂಡ ಕಡೆ ಉರಿ ಕಾರಿತು. ದೊರೆ ಮೊದಲು ಮಾಡಿ ಎಲ್ಲರೂ ಬಿದ್ದಂಬೀಳ ಓಡಿ ಬಂದರು. ಬಾಗಿಲಲ್ಲಿ ಏನೋ ಮೆತ್ತಗಿತ್ತಂತೆ, ಅದನ್ನ ತುಳಕೊಂಡು ಹೊರಗೆ ಹಾರಿದರಂತೆ. ಅದು ಏನು ಅಂತ ಇವತ್ತಿನ ತನಕ ನಮಗೆ ಯಾರಿಗೂ ಗೊತ್ತಿರಲಿಲ್ಲ. ಬುತ್ತಿಗಂಟು ಇರಬೇಕು ಅಂದುಕೊಂಡಿದ್ದೆವು." ಆಮೇಲೆ ಮಗನ ಕಡೆ ತಿರುಗಿದರು. "ಅವನು ಎದ್ದು ಹೋಗಿದ್ದರೆ ಬಾಗಿಲು ಮುಚ್ಚಿಕೊಂಡಿರೋದು. ನಿಮ್ಮ ಕಗ್ಗಲ್ಲ ಆ ಕಣ್ಣುಗಳನ್ನ ಇಟ್ಟುಕೊಂಡು ಒಳಗೇ ಬೆಂದುಹೋಗ್ತಿದ್ದ. ನೀನು ಎಲ್ಲಿಂದ ಬರ್ತಿದ್ದೆ? ಸಿಡಿಲೂ, ಯಾರಿಗಾದರೂ ಕಾಲು ತಾಗಿದರೆ ಏನು ಮಾಡಬೇಕು ಅಂತ ನಿನಗೆ ಹೇಳಿಕೊಟ್ಟಿದ್ದೆ ತಾನೆ?"

ಅಷ್ಟು ಎತ್ತರದ ಸಿಡಿಲಪ್ಪ ಮೊಣಕಾಲೂರಿ ಕೂತು, ನಮ್ಮವರ ಹೆಗಲು ಮುಟ್ಟಿ, ಆ ಕೈಯನ್ನು ತನ್ನ ಕಣ್ಣಿಗೆ ಒತ್ತಿಕೊಂಡ. ಎಷ್ಟೋ ತಲೆಮಾರಿನ ಹಿಂದೆ ತುಳಿದದ್ದಕ್ಕೆ ಈಗ ಮಾಡಿಕೊಂಡ ನಮಸ್ಕಾರ ಅದು. ಓಲಗದವರು ಊದಿದರು. ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟೆ, ಯಾರು ನೋಡಿದರೂ ಸರಿ ಎಂದು ಅತ್ತುಬಿಟ್ಟೆ. ಹರಳಿಯೂ ಅವಳ ಗಂಡನೂ ಹೊಸ್ತಿಲು ದಾಟುವಾಗ ಇವರ ಕಾಲು ಇನ್ನೂ ಅಲ್ಲೇ ಚಾಚಿಕೊಂಡಿದ್ದರಿಂದ ಇಬ್ಬರೂ ತುಳಿಯದ ಹಾಗೆ ಹುಷಾರಾಗಿ ಹೆಜ್ಜೆ ಎತ್ತಿ ಇಟ್ಟರು.

ಮೊದಲು ಅಡುಗೆಮನೆಗೆ ಓಡಿದೆ. ನಮ್ಮತ್ತೆಯ ಕಾಲು ಹಿಡಿದು, ಒಳ್ಳೆಯ ಹೊತ್ತಿಗೆ ಹಟ ಮಾಡಿದಿರಿ ಎಂದು ಹೇಳಬೇಕೆಂದುಕೊಂಡಿದ್ದೆ. ಒಲೆಯ ಮುಂದೆ ಯಾರೂ ಇರಲಿಲ್ಲ. ಸೌಟು ಗೋಡೆಗೆ ಒರಗಿತ್ತು, ಹಂಡೆಯ ತಳ ಕರಿ ಕಟ್ಟಿತ್ತು. ಉಗ್ರಾಣ ನೋಡಿದೆ, ದೇವರ ಕೋಣೆ ನೋಡಿದೆ. ಒಳಗೆ ನರಪಿಳ್ಳೆ ಇಲ್ಲ.

ಅತ್ತೆ ಸಿಕ್ಕಿದ್ದು ಚಪ್ಪರದ ಮೂಲೆಯಲ್ಲಿ, ಬೀಗರ ಕಡೆಯ ಹೆಂಗಸರ ನಡುವೆ, ಮುಖದ ತುಂಬ ಸೆರಗು ಹೊದ್ದುಕೊಂಡು. ನನ್ನನ್ನು ಕಂಡು ಇನ್ನಷ್ಟು ಮುದುರಿಕೊಂಡರು. "ಬೈಯಬೇಡ ಕಣೇ. ಮದುಮಗನ ಮುಖ ಒಂದು ಸಲ ಇಣುಕಿ ನೋಡಿ ಒಳಗೆ ಹೋಗೋಣ ಅಂತ ಹಿಂದಿನಿಂದ ಬಂದೆ. ಅಷ್ಟರಲ್ಲಿ ಯಾರೋ ಕಲ್ಲು ತೆಗೆದುಬಿಟ್ಟರು. ಅವನು ಕೆಮ್ಮಿದಾಗಲೆಲ್ಲ ನನ್ನ ಜೀವ ಹೋಗಿ ಬಂತು."

ನನಗೆ ನಿಂತ ನೆಲ ತಿರುಗಿದಂತಾಯಿತು. "ಹಾಗಾದರೆ ಬಾಗಿಲು ತೆಗೆದದ್ದು ಯಾರು ಅತ್ತೆ?"

ಅತ್ತೆ ಸೆರಗು ಸರಿಸಿ ಮಗನ ಕಡೆ ನೋಡಿದರು. ಇವರು ಸಿಡಿಲಪ್ಪನ ಪಕ್ಕದಲ್ಲಿ ಕೂತು ಸೀದ ಪಾಯಸವನ್ನು ಮೂರನೆಯ ಸಲ ಬಡಿಸಿಕೊಳ್ಳುತ್ತಿದ್ದರು. ಅತ್ತೆಯ ಕಣ್ಣು ತುಂಬಿತ್ತು. ನನ್ನ ಕಿವಿಯ ಹತ್ತಿರ ಬಗ್ಗಿ, "ಅವನಿಗೆ ಮಾತ್ರ ಹೇಳಬೇಡ. ನಾಳೆಯಿಂದ ಇದಕ್ಕೂ ಏನಾದರೂ ಸೇರಿಸೋಕೆ ಶುರುಮಾಡ್ತಾನೆ" ಎಂದರು.

ಇವತ್ತಿನವರೆಗೂ ನಮ್ಮವರಿಗೆ ಹೇಳಿಲ್ಲ. ಅಮ್ಮ ಆ ದಿನ ಬೇಕೆಂದೇ ಸತಾಯಿಸಿದಳೆಂದು ಈಗಲೂ ಗೊಣಗುತ್ತಾರೆ. ನಾನು ಹೇಳಿದ್ದು ಎದುರು ಗುಡಿಸಲಿನ ಕರಲಪ್ಪನ ಹೆಂಡತಿ ಒಬ್ಬಳಿಗೆ. ಅವಳು ಗಂಡನಿಗೆ ಏನು ಹೇಳಿದಳೋ, ಅವರು ಬಾಗಿಲಿಗೆ ಏನು ಹೇಳಿದರೋ, ನಾನು ಕೇಳಲು ಹೋಗಲಿಲ್ಲ. ಈಗ ಆ ಗುಡಿಸಲಿನಲ್ಲಿ ಮೇಕೆ ಕಟ್ಟುತ್ತಾರೆ. ಕರಲಪ್ಪ ಒಳಗೇ ಇರುತ್ತಾರೆ, ಗಾಳಿ ಸಾಲುವುದಿಲ್ಲ ಎಂದು ಬೈದುಕೊಳ್ಳುತ್ತಾ.